ಡಾಕ್ಟರ್ ಮಂಡಳಿಗೆ ಕಾರು ರಿಪೇರಿ ನಿಧಿಯ ಸಾಲ: ಕ್ಯಾಲಿಫೋರ್ನಿಯಾದ ಒಂದು ಪ್ರಕರಣ

ಫ್ರೆಸ್ನೋದಲ್ಲಿ ಮಕ್ಕಳ ಡಾಕ್ಟರಾಗಿರುವ ನಮ್ಮಣ್ಣನ ಮಗಳು ಒಂದು ದಿನ ವಾಟ್ಸಾಪ್‌ನಲ್ಲಿ ಬಿಲ್ಲಿನ ಫೋಟೋ ಕಳಿಸಿದಳು. ಲೈಸೆನ್ಸ್ ರಿನ್ಯೂವಲ್ ಬಿಲ್. "ಚಿಕ್ಕಪ್ಪ, ನೀವು ಲೆಕ್ಕದವರಲ್ವಾ, ಸ್ವಲ್ಪ ನೋಡಿ ಹೇಳಿ. ಹೋದ ಸಲ 863 ಡಾಲರ್ ಕಟ್ಟಿದ್ದೆ. ಈಗ 1151 ಅಂತಿದಾರೆ."

ಅದರ ಕೆಳಗೆ ಇನ್ನೆರಡು ಸಣ್ಣ ಬಾಬ್ತು. ಒಂದು, 25 ಡಾಲರ್. ಡಾಕ್ಟರು ಸಿಗದ ಊರುಗಳಿಗೆ ಹೋಗಿ ಕೆಲಸ ಮಾಡುವವರ ಓದಿನ ಸಾಲ ತೀರಿಸುವ ಯೋಜನೆಗೆ ಅದು. ಇನ್ನೊಂದು ಕ್ಯೂರ್ಸ್ ಅನ್ನುವ ಡೇಟಾಬೇಸ್‌ಗೆ. ಚಟ ಹಿಡಿಸುವ ನೋವಿನ ಮಾತ್ರೆಗಳಂಥವನ್ನು ಯಾವ ಡಾಕ್ಟರು ಯಾರಿಗೆ ಬರೆದುಕೊಟ್ಟರು ಎಂಬ ಲೆಕ್ಕ ಅದರಲ್ಲಿರುತ್ತದೆ.

ಎರಡು ವರ್ಷಕ್ಕೆ 1151 ಅಂದರೆ ತಿಂಗಳಿಗೆ 48 ಡಾಲರ್. ಅಲ್ಲಿನ ಡಾಕ್ಟರ ಸಂಪಾದನೆಗೆ ಅದೇನು ದೊಡ್ಡ ಹೊರೆಯಲ್ಲ. ಅವಳಿಗೂ ಅದು ಗೊತ್ತು. "ಕಟ್ತೀನಿ, ಅದಲ್ಲ ವಿಷಯ. ಒಂದೇ ಏಟಿಗೆ 288 ಏರಿಸಿದ್ದಾರೆ ಅಂದ್ರೆ ಈ ಮಂಡಳಿಯವರು ದುಡ್ಡನ್ನ ಏನ್ ಮಾಡ್ತಿದಾರೆ?"

ಸಹಕಾರ ಸಂಘಗಳ ಲೆಕ್ಕ ತಪಾಸಣೆ ಮಾಡುತ್ತಾ ರಿಟೈರ್ ಆದವನು ನಾನು. ಇಂಥ ಪ್ರಶ್ನೆ ಕೇಳಿದರೆ ಸುಮ್ನೆ ಕೂರುವುದಕ್ಕೆ ಆಗುವುದಿಲ್ಲ. ಮೆಡಿಕಲ್ ಬೋರ್ಡ್ ಆಫ್ ಕ್ಯಾಲಿಫೋರ್ನಿಯಾದ ಕಾಗದಪತ್ರಗಳೆಲ್ಲ ಸಾರ್ವಜನಿಕ. ಬಜೆಟ್, ಆಡಿಟ್ ವರದಿ, ಶಾಸನಸಭೆಯ ಸಮಿತಿಗಳ ಟಿಪ್ಪಣಿ, ಎಲ್ಲ ಸಿಗುತ್ತವೆ. ಓದುತ್ತಾ ಹೋದೆ. ಕಳ್ಳತನದ ಕಥೆ ಸಿಗಬಹುದು ಎಂದುಕೊಂಡಿದ್ದೆ. ಸಿಕ್ಕಿದ್ದು ಬೇರೆ. ಮನೆ ಈ ಮಂಡಳಿಯ ಹೆಸರಿನಲ್ಲಿದೆ, ಬೀಗದ ಕೈಗಳು ಮಾತ್ರ ಮೂರು ಬೇರೆ ಬೇರೆ ಮನೆಯವರ ಸೊಂಟದಲ್ಲಿವೆ.

ಮೊದಲು ಮಂಡಳಿಯ ಪರಿಚಯ. ಕ್ಯಾಲಿಫೋರ್ನಿಯಾದಲ್ಲಿ ವೈದ್ಯ ವೃತ್ತಿಗೆ ಕಾನೂನು ಬಂದದ್ದು 1876ರಲ್ಲಿ. ಈಗಿನ ಮಂಡಳಿಯಲ್ಲಿ 15 ಸದಸ್ಯರು. 8 ಜನ ಡಾಕ್ಟರು, 7 ಜನ ಸಾರ್ವಜನಿಕರು. 13 ಜನರನ್ನು ಗವರ್ನರ್ ನೇಮಿಸುತ್ತಾರೆ, ಉಳಿದ ಇಬ್ಬರನ್ನು ಶಾಸನಸಭೆಯ ಎರಡು ಸದನಗಳು. ಸದಸ್ಯರಿಗೆ ಸಂಬಳ ಇಲ್ಲ. ಮಂಡಳಿ ಕೆಲಸಕ್ಕೆ ಕೂತ ದಿನಕ್ಕೆ 100 ಡಾಲರ್ ಭತ್ಯೆ, ಅಷ್ಟೇ. ಸುಮಾರು ಒಂದೂವರೆ ಲಕ್ಷ ಡಾಕ್ಟರುಗಳ ಲೈಸೆನ್ಸ್ ಇದರ ಕೈಯಲ್ಲಿದೆ. ವರ್ಷಕ್ಕೆ ಹತ್ತಿರ ಹತ್ತಿರ 10,000 ದೂರುಗಳು ಬರುತ್ತವೆ.

ಸರ್ಕಾರದ ಸಾಮಾನ್ಯ ಖಜಾನೆಯಿಂದ ಇದರ ಖರ್ಚಿಗೆ ದುಡ್ಡು ಬರುವುದಿಲ್ಲ. ಡಾಕ್ಟರುಗಳು ಕಟ್ಟುವ ಫೀಸೇ ಆದಾಯ. ಅದು ಹೋಗಿ ಬೀಳುವ ನಿಧಿಯ ಹೆಸರು 'ಕಂಟಿಂಜೆಂಟ್ ಫಂಡ್', ಅಂದರೆ ಆಕಸ್ಮಿಕ ಖರ್ಚಿನ ನಿಧಿ. ದಿನನಿತ್ಯದ ಸಂಬಳ, ಬಾಡಿಗೆ, ವಕೀಲರ ಬಿಲ್ಲು ಎಲ್ಲ ಹೋಗುವುದು ಇದರಿಂದಲೇ. ಹಾಗಿದ್ದೂ ಆಕಸ್ಮಿಕ ಅಂತ ಯಾಕೆ ಹೆಸರಿಟ್ಟರೋ! ಮುಂದೆ ಆದದ್ದು ನೋಡಿದರೆ ಹೆಸರು ಸರಿಯಾಗೇ ಇದೆ ಅನ್ನಿಸುತ್ತದೆ.

ಫೀಸು ಎಷ್ಟು ಎಂಬುದನ್ನು ಕಾನೂನಿನಲ್ಲೇ ಬರೆದಿದ್ದಾರೆ. ಏರಿಸಬೇಕಾದರೆ ಮಸೂದೆ ಬರಬೇಕು, ಎರಡೂ ಸದನ ಒಪ್ಪಬೇಕು, ಗವರ್ನರ್ ಸಹಿ ಹಾಕಬೇಕು. ಇದು ಮೊದಲ ಬೀಗದ ಕೈ.

ಎರಡನೆಯದು ನೌಕರರದ್ದು. ಮಂಡಳಿಯ ಸಿಬ್ಬಂದಿ ರಾಜ್ಯ ಸರ್ಕಾರಿ ನೌಕರರು. ಅವರ ಸಂಬಳ, ಪಿಂಚಣಿ ಪಾಲು ಎಲ್ಲ ನೌಕರರ ಸಂಘಗಳೂ ರಾಜ್ಯ ಸರ್ಕಾರವೂ ಕೂತು ತೀರ್ಮಾನಿಸುತ್ತಾರೆ. ಬಿಲ್ಲು ಮಾತ್ರ ಮಂಡಳಿಗೆ. ಹೊಸ ಹುದ್ದೆ ಬೇಕು ಅಂದರೆ ಬಜೆಟ್ ಪ್ರಸ್ತಾವ ಬರೆದು, ಮಂಡಳಿ ಸೇರಿರುವ ಗ್ರಾಹಕ ವ್ಯವಹಾರಗಳ ಇಲಾಖೆ ದಾಟಿಸಿ, ಹಣಕಾಸಿನವರನ್ನು ಒಪ್ಪಿಸಿ, ಮುಂದಿನ ವರ್ಷದ ಬಜೆಟ್‌ಗೆ ಕಾಯಬೇಕು. ದುಡ್ಡು ನಿಧಿಯಲ್ಲಿ ಕೊಳೆಯುತ್ತಾ ಬಿದ್ದಿದ್ದರೂ ಅಷ್ಟೇ. ಕಾರ್ಯನಿರ್ವಾಹಕ ನಿರ್ದೇಶಕರನ್ನು ಮಂಡಳಿಯೇ ಆರಿಸಿದರೂ ಅದಕ್ಕೆ ಗ್ರಾಹಕ ವ್ಯವಹಾರಗಳ ಇಲಾಖೆಯ ನಿರ್ದೇಶಕರ ಒಪ್ಪಿಗೆ ಬೇಕು.

ಮೂರನೆಯದು ವಕೀಲರದ್ದು. ಅದು ದೊಡ್ಡದು, ಆಮೇಲೆ ಬರುತ್ತೇನೆ.

ಈ ಸಹಸ್ರಮಾನದ ಶುರುವಿನಲ್ಲಿ ರಾಜ್ಯದ ಸಾಮಾನ್ಯ ಖಜಾನೆ ಬರಿದಾಗುತ್ತಾ ಬಂತು. ಗವರ್ನರ್ ಹೊಸ ನೇಮಕಾತಿ ನಿಲ್ಲಿಸಿದರು. ಆ ತಡೆ ಮೆಡಿಕಲ್ ಬೋರ್ಡಿಗೂ ಬಡಿಯಿತು. ಅದು ಖಜಾನೆಯ ದುಡ್ಡೇ ಮುಟ್ಟುವುದಿಲ್ಲ, ಅಲ್ವಾ? ಆದರೂ ಹುದ್ದೆಗಳು ಹೋದವು. ದೂರು ವಿಚಾರಣೆ ಮತ್ತು ಶಿಸ್ತುಕ್ರಮದ ವಿಭಾಗ ಒಂದರಲ್ಲೇ 29 ಹುದ್ದೆ ಹೋಯಿತು. ಶಾಸನಸಭೆ ಮಾಡಿದ ಕಾನೂನಿನಂತೆ ಆಗ ನೇಮಕವಾಗಿದ್ದ ಸ್ವತಂತ್ರ ಮೇಲ್ವಿಚಾರಕಿ 2004ರ ವರದಿಯಲ್ಲಿ ಇದನ್ನು ಬರೆದರು. 1994ರಿಂದ ಫೀಸು ಏರಿಲ್ಲ ಎಂಬುದನ್ನೂ ಬರೆದರು. ಡಾಕ್ಟರುಗಳು ದುಡ್ಡು ಕಟ್ಟಿದ್ದು ತಮ್ಮ ವೃತ್ತಿಯ ಮೇಲೆ ಕಣ್ಣಿಡಲಿ ಅಂತ. ಕಣ್ಣಿಡುವ ಜನರ ಹುದ್ದೆ ತೆಗೆದಿದ್ದರಿಂದ ಖಜಾನೆಗೆ ಒಂದು ಡಾಲರೂ ಉಳಿಯಲಿಲ್ಲ.

ಆ ವರದಿಯ ಮೇಲೆ 2005ರಲ್ಲಿ ಕಾನೂನು ಬದಲಾಯಿತು. ಫೀಸು 610 ಡಾಲರಿನಿಂದ 790ಕ್ಕೆ ಏರಿತು. ಅದರ ಜೊತೆಗೇ ಒಂದು ಕೊಡು-ಕೊಳ್ಳುವಿಕೆ ನಡೆಯಿತು. ಅಲ್ಲಿಯವರೆಗೆ, ತಪ್ಪು ಮಾಡಿ ಶಿಕ್ಷೆಗೊಳಗಾದ ಡಾಕ್ಟರಿಂದ ತನಿಖೆಯ ಖರ್ಚು ವಸೂಲಿ ಮಾಡುವ ಅಧಿಕಾರ ಮಂಡಳಿಗಿತ್ತು. ಫೀಸು ಏರಿಸುವುದಕ್ಕೆ ಬದಲಾಗಿ ಆ ಅಧಿಕಾರವನ್ನು ಕಿತ್ತುಕೊಂಡರು. ಅಂದರೆ ಇನ್ನು ಮುಂದೆ ಒಬ್ಬ ಡಾಕ್ಟರು ಮಾಡಿದ ಎಡವಟ್ಟಿನ ಖರ್ಚನ್ನು ಒಂದೂವರೆ ಲಕ್ಷ ಡಾಕ್ಟರು ಹಂಚಿಕೊಂಡು ಕಟ್ಟಬೇಕು. ರಾಜ್ಯದ ಬೇರೆ ವೃತ್ತಿಗಳ ಮಂಡಳಿಗಳಿಗೆ ಈ ವಸೂಲಿ ಮಾಮೂಲು. ಡಾಕ್ಟರುಗಳಿಗೆ ಮಾತ್ರ ವಿನಾಯಿತಿ. ನನ್ನ ಸರ್ವೀಸಿನಲ್ಲಿ ಸಂಘಗಳು ಬಡ್ಡಿ ಮನ್ನಾ ಮಾಡಿದ್ದು ನೋಡಿದ್ದೇನೆ. ತಪ್ಪಿತಸ್ಥನ ಖರ್ಚನ್ನು ಎಲ್ಲ ಸದಸ್ಯರ ಖಾತೆಗೆ ಹಾಕುವುದಕ್ಕೆ ಕಾನೂನೇ ಮಾಡಿದ್ದು ಇಲ್ಲೇ ಮೊದಲು ನೋಡಿದ್ದು.

ಎರಡೇ ವರ್ಷದಲ್ಲಿ ತಮಾಷೆ ನೋಡಿ. 2007ರ ಅಕ್ಟೋಬರ್‌ನಲ್ಲಿ ರಾಜ್ಯದ ಆಡಿಟರ್ ವರದಿ ಬಂತು. ಮಂಡಳಿಯ ಬಳಿ ದುಡ್ಡು ಜಾಸ್ತಿ ಆಗಿದೆ, ಫೀಸು ಇಳಿಸುವುದನ್ನೋ ಕಟ್ಟಿದವರಿಗೆ ವಾಪಸ್ ಕೊಡುವುದನ್ನೋ ಯೋಚಿಸಬೇಕು ಎಂಬುದೇ ವರದಿಯ ತಲೆಬರಹದ ಸಾರ. ಕಾನೂನಿನ ಪ್ರಕಾರ ಎರಡು ತಿಂಗಳ ಖರ್ಚಿನಷ್ಟು ಮೀಸಲು ಸಾಕಿತ್ತು. ನಾಲ್ಕು ತಿಂಗಳಿಗೂ ಮಿಕ್ಕಿ ಸೇರಿಕೊಂಡಿತ್ತು.

ಮೀಸಲು ಹೆಚ್ಚಿದ್ದರೆ ತಪ್ಪೇನು ಎಂದು ಯಾರಾದರೂ ಕೇಳಬಹುದು. ಲೆಕ್ಕದವರಿಗೆ ಅದರ ಅಪಾಯ ಗೊತ್ತು. ದುಡ್ಡು ಕಂಡ ಕಡೆ ಕೈ ಬರುತ್ತದೆ. ಬಂದೇ ಬಂತು. 2008-09ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಈ ನಿಧಿಯಿಂದ 60 ಲಕ್ಷ ಡಾಲರ್ ಸಾಲ ತೆಗೆದುಕೊಂಡಿತು. 2011-12ರಲ್ಲಿ ಇನ್ನೂ 90 ಲಕ್ಷ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ನಮ್ಮಲ್ಲಿ ಗಾದೆ ಇದೆ. ಇಲ್ಲಿ ಕೊಟ್ಟೋನಿಗೆ ಕೊಡುವುದಿಲ್ಲ ಅನ್ನುವ ಆಯ್ಕೆಯೂ ಇರಲಿಲ್ಲ. ಆ ದುಡ್ಡು ಆಮೇಲೆ ವಾಪಸ್ ಬಂತು, ಅದನ್ನು ಹೇಳಲೇಬೇಕು. ಆದರೆ ನಿಧಿ ಆರೋಗ್ಯವಾಗಿ ಕಾಣಲಿಕ್ಕೆ ಆ ಮರುಪಾವತಿಯೂ ಒಂದು ಕಾರಣವಾಯಿತು. ಹಳೆ ಸಾಲ ವಾಪಸ್ ಬಂದ ವರ್ಷ ಆದಾಯ ಜಾಸ್ತಿ ಆದಂತೆ ಕಾಣುತ್ತದೆ. ಅಷ್ಟರಲ್ಲಿ ನಿಜವಾದ ಆದಾಯವನ್ನು ಖರ್ಚು ದಾಟಿ ಹೋಗಿರುತ್ತದೆ.

ಅದೇ ಹೊತ್ತಿಗೆ ಇನ್ನೊಂದು. 2009ರ ಜುಲೈನಿಂದ 2010ರ ಜೂನ್‌ವರೆಗೆ ಗವರ್ನರ್ ಶ್ವಾರ್ಜ್‌ನೆಗ್ಗರ್ ರಾಜ್ಯ ನೌಕರರಿಗೆ ತಿಂಗಳಿಗೆ ಮೂರು ದಿನ ಸಂಬಳವಿಲ್ಲದ ರಜೆ ಹಾಕಿದರು. ತಿಂಗಳಿಗೆ ಮೂರು ಶುಕ್ರವಾರ ಕಚೇರಿಗಳಿಗೆ ಬೀಗ. ಸ್ವಂತ ನಿಧಿಯಿಂದ ನಡೆಯುವ ಮಂಡಳಿಗಳಿಗೂ ಇದೇ ನಿಯಮ. ಸಂಬಳದ ದುಡ್ಡು ನಿಧಿಯಲ್ಲಿತ್ತು. ಮೇಜಿನ ಮೇಲೆ ದೂರಿನ ಕಡತಗಳಿದ್ದವು. ಕೆಲಸ ಮಾಡುತ್ತೇನೆ ಎಂದರೂ ಬಿಡಲಿಲ್ಲ. ನೌಕರರ ಸಂಘಗಳು ಕೋರ್ಟಿಗೆ ಹೋದವು. 2010ರ ಅಕ್ಟೋಬರ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಶಾಸನಸಭೆ ಬಜೆಟ್ ಮೂಲಕ ಒಪ್ಪಿಗೆ ಕೊಟ್ಟಂತಾಗಿದೆ ಎಂದು ಇಂಥ ಕಡ್ಡಾಯ ರಜೆಗಳನ್ನು ಎತ್ತಿಹಿಡಿಯಿತು. ಉಳಿದ ಸಂಬಳ ಎಲ್ಲಿಗೆ ಹೋಯಿತು? ನಿಧಿಯಲ್ಲೇ ಉಳಿಯಿತು. ನಿಧಿಯಲ್ಲಿ ಉಳಿದದ್ದು ಸಾಲಕ್ಕೆ ಸಿಕ್ಕಿತು. ಇದನ್ನು ಯಾರೂ ಹೀಗೆ ಯೋಜನೆ ಹಾಕಿ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಲೆಕ್ಕದ ಪುಸ್ತಕ ಆ ದಾರಿ ತೋರಿಸುತ್ತದೆ, ಅಷ್ಟೇ.

ಈಗ ತನಿಖಾಧಿಕಾರಿಗಳ ವಿಷಯ. ನನಗೆ ಈ ಪ್ರಕರಣದಲ್ಲಿ ಬಹಳ ಕಾಡಿದ ಭಾಗ ಇದು.

ಡಾಕ್ಟರ ಮೇಲಿನ ದೂರನ್ನು ತನಿಖೆ ಮಾಡುವುದು ಲೈಸೆನ್ಸ್ ಫಾರಂ ತಪಾಸಣೆ ಮಾಡಿದ ಹಾಗಲ್ಲ. ರೋಗಿಯ ಕಡತ ತರಿಸಬೇಕು. ಆಸ್ಪತ್ರೆ ಕೊಡಲ್ಲ ಅಂದರೆ ಕೋರ್ಟಿನ ಆದೇಶ ತರಬೇಕು. ಅದೇ ವಿಭಾಗದ ಇನ್ನೊಬ್ಬ ಡಾಕ್ಟರಿಂದ ಪರಿಣತರ ಅಭಿಪ್ರಾಯ ಬರೆಸಬೇಕು. ಒಬ್ಬ ಒಳ್ಳೆ ಸರ್ಜನ್ ತನ್ನ ಕೆಲಸ ಬಿಟ್ಟು, ಮಂಡಳಿ ಕೊಡುವ ಗಂಟೆ ರೇಟಿಗೆ ಇನ್ನೊಬ್ಬ ಸರ್ಜನ್ನಿನ ಕಡತ ಓದುತ್ತಾ ಕೂರಬೇಕು ಅಂದರೆ ಎಷ್ಟು ಜನ ಬರುತ್ತಾರೆ? ಅದಕ್ಕೂ ಮೇಲೆ, ಕ್ಯಾಲಿಫೋರ್ನಿಯಾದಲ್ಲಿ ಡಾಕ್ಟರ ಲೈಸೆನ್ಸ್ ಮುಟ್ಟಬೇಕಾದರೆ ಸಾಕ್ಷ್ಯ ಬಹಳ ಗಟ್ಟಿಯಾಗಿರಬೇಕು. ಬೇರೆ ಹೆಚ್ಚಿನ ರಾಜ್ಯಗಳಲ್ಲಿ ತಕ್ಕಡಿ ಸ್ವಲ್ಪ ಒಂದು ಕಡೆ ವಾಲಿದರೆ ಸಾಕು. ಇಲ್ಲಿ ಚೆನ್ನಾಗೇ ವಾಲಬೇಕು. ಅದಕ್ಕೆ ಹೆಚ್ಚು ಗಂಟೆ ಬೇಕು. ಗಂಟೆ ಅಂದರೆ ದುಡ್ಡು.

ಈ ತನಿಖಾಧಿಕಾರಿಗಳಿಗೆ ಪೊಲೀಸ್ ಅಧಿಕಾರ ಇದೆ. ತರಬೇತಿಯೂ ಹಾಗೇ. ಇಲ್ಲಿ ಕೆಲಸ ಕಲಿತವರಿಗೆ ರಾಜ್ಯದ ಬೇರೆ ಇಲಾಖೆಗಳು ಇದಕ್ಕಿಂತ ಒಳ್ಳೆ ಸಂಬಳ ಕೊಟ್ಟು ಕರೆಯುತ್ತಿದ್ದವು. ಹೋಗುತ್ತಿದ್ದರು. ಸಂಬಳ ಏರಿಸುವ ಅಧಿಕಾರ ಮಂಡಳಿಗಿಲ್ಲ. ಒಬ್ಬರು ಹೋದರೆ ಅವರ ಮೇಜಿನ ಕಡತಗಳು ಪಕ್ಕದವರ ಮೇಜಿಗೆ ಹೋಗುತ್ತವೆ. ಪಕ್ಕದವರು ಅದನ್ನು ಮೊದಲ ಪುಟದಿಂದ ಓದಬೇಕು. ನಮ್ಮ ಸರ್ಕಾರಿ ಕಚೇರಿಗಳಲ್ಲಿ 'ಪ್ರಭಾರ' ಅಂತ ಒಂದು ಪದ ಇದೆಯಲ್ಲ, ಒಬ್ಬರೇ ಮೂರು ಮೇಜು ನೋಡಿಕೊಳ್ಳುವುದು, ಹಾಗೆ.

2014ರ ಜುಲೈ 1ರಂದು ಈ ಪೊಲೀಸ್ ಅಧಿಕಾರದ ತನಿಖಾಧಿಕಾರಿಗಳನ್ನು ಮಂಡಳಿಯಿಂದ ತೆಗೆದು ಗ್ರಾಹಕ ವ್ಯವಹಾರಗಳ ಇಲಾಖೆಗೆ ಸೇರಿಸಿದರು. ಜನ ಅವರೇ, ಕಡತ ಅವೇ, ಖರ್ಚು ಮಂಡಳಿಯದೇ. ಆದರೆ ಅವರ ಮೇಲಧಿಕಾರಿ ಈಗ ಬೇರೆ. ಯಾವ ಕಡತ ಮೊದಲು, ಖಾಲಿ ಹುದ್ದೆ ಯಾವಾಗ ತುಂಬಬೇಕು ಎಂಬುದನ್ನು ಇಲಾಖೆ ತೀರ್ಮಾನಿಸುತ್ತದೆ. ತನಿಖೆ ತಡವಾದರೆ ಸಭೆಯಲ್ಲಿ ಬೈಸಿಕೊಳ್ಳುವುದು ಮಂಡಳಿ. ಮಂಡಳಿ ತನ್ನ ಕೈಲಿ ಪೊಲೀಸ್ ಅಧಿಕಾರ ಇಲ್ಲದ ಒಂದು ಸಣ್ಣ ತನಿಖಾ ತಂಡವನ್ನು ಕಟ್ಟಿಕೊಂಡಿತು. ನನ್ನ ಮಟ್ಟಿಗೆ ಅದು ಜಾಣ ಕೆಲಸ. ಎಲ್ಲ ದೂರಿಗೂ ಪೊಲೀಸ್ ಬೇಕಾಗಿಲ್ಲ.

ಸಿಬ್ಬಂದಿ ಕೊರತೆ ಹೇಗೆಲ್ಲ ಜನರನ್ನು ಕೆಡಿಸುತ್ತದೆ ಎಂಬುದಕ್ಕೆ ಪಕ್ಕದ ಮನೆಯ ಕಥೆಯೊಂದನ್ನು ಹೇಳಿಬಿಡುತ್ತೇನೆ. ಅದೇ ಇಲಾಖೆಯ ಅಡಿ ನರ್ಸುಗಳ ಮಂಡಳಿಯೂ ಇದೆ. ಒಬ್ಬ ತನಿಖಾಧಿಕಾರಿ ಮೇಲೆ 20ಕ್ಕಿಂತ ಜಾಸ್ತಿ ಕಡತ ಇರಬಾರದು ಎಂದು ಆಡಿಟರ್ 2016ರಲ್ಲಿ ಸಲಹೆ ಕೊಟ್ಟಿದ್ದರು. ಆಮೇಲೆ ನರ್ಸುಗಳ ಮಂಡಳಿ ತಾನು ಅದನ್ನು ಪಾಲಿಸಿದ್ದೇನೆ ಎಂದು ಲೆಕ್ಕ ಕಳಿಸಿತು. 2020ರಲ್ಲಿ ಆಡಿಟರ್ ಕೆದಕಿ ನೋಡಿದರೆ, ವರದಿ ಕಳಿಸುವ ಹೊತ್ತಿಗೆ ಮಾತ್ರ ಕಡತಗಳನ್ನು ಬೇರೆಯವರ ಹೆಸರಿಗೆ ತಾತ್ಕಾಲಿಕವಾಗಿ ಬರೆದಿದ್ದರು. ಅಧಿಕಾರಿಗಳು ಬೇಕೆಂದೇ ಅಂಕಿ ತಿದ್ದಿ ಸುಳ್ಳು ವರದಿ ಕೊಟ್ಟರು ಎಂದು ಆಡಿಟರ್ ಬರೆದರು. ಇನ್‌ಸ್ಪೆಕ್ಷನ್ ದಿನ ಪಕ್ಕದ ಶಾಲೆಯಿಂದ ಮಕ್ಕಳನ್ನು ತಂದು ಕೂರಿಸಿದ ಹಾಗೆ.

ಈಗ ವಕೀಲರಿಗೆ ಬರೋಣ.

ತನಿಖೆ ಮುಗಿದು ಆರೋಪಪಟ್ಟಿ ಹಾಕಬೇಕಾದರೆ ಮಂಡಳಿ ತನಗೆ ಬೇಕಾದ ವಕೀಲರನ್ನು ಹಿಡಿಯುವ ಹಾಗಿಲ್ಲ. ರಾಜ್ಯದ ಮುಖ್ಯ ಸರ್ಕಾರಿ ವಕೀಲರಾದ ಅಟಾರ್ನಿ ಜನರಲ್ ಅವರ ಕಚೇರಿಯೇ ವಾದಿಸಬೇಕು. ಅವರು ಗಂಟೆ ಲೆಕ್ಕದಲ್ಲಿ ಬಿಲ್ಲು ಕಳಿಸುತ್ತಾರೆ. 2006ರಿಂದ 2018ರ ಕೊನೆಯವರೆಗೆ ಇನ್ನೊಂದು ಪದ್ಧತಿ ಇತ್ತು. ತನಿಖೆಯ ಮೊದಲ ದಿನದಿಂದಲೇ ತನಿಖಾಧಿಕಾರಿಯ ಜೊತೆ ಸರ್ಕಾರಿ ವಕೀಲರೊಬ್ಬರು ಜೋಡಿ. ಉದ್ದೇಶ ಒಳ್ಳೆಯದೇ. ಕೋರ್ಟಿನಲ್ಲಿ ನಿಲ್ಲುವ ಕೇಸನ್ನೇ ಕಟ್ಟಬಹುದು. ಆದರೆ ಆರೋಪವೇ ಆಗದೆ ಮುಚ್ಚಿಹೋಗುವ ಕಡತಕ್ಕೂ ವಕೀಲರ ಮೀಟರು ಓಡುತ್ತಿತ್ತು.

2019ರ ಬೇಸಿಗೆಯಲ್ಲಿ ಅಟಾರ್ನಿ ಜನರಲ್ ಕಚೇರಿಯಿಂದ ಎಲ್ಲ ಮಂಡಳಿಗಳಿಗೂ ಒಂದು ಪತ್ರ ಬಂತು. ಸೆಪ್ಟೆಂಬರ್ 1ರಿಂದ ವಕೀಲರ ಗಂಟೆ ದರ 170 ಡಾಲರ್ ಅಲ್ಲ, 220. ವಕೀಲರಿಗೆ ನೆರವಾಗುವ ಪ್ಯಾರಾಲೀಗಲ್‌ಗಳ ದರ 120ರಿಂದ 205ಕ್ಕೆ. ಆ ವರ್ಷದ ಬಜೆಟ್ ಅಷ್ಟರಲ್ಲಿ ಪಾಸಾಗಿತ್ತು. ಫೀಸು ಕಾನೂನಿನಲ್ಲಿ ಕಟ್ಟಿಹಾಕಿತ್ತು.

ಇದರ ಏಟು ಎಷ್ಟು ಎಂದು ಒಂದು ಉದಾಹರಣೆ ಹಾಕಿ ನೋಡಿದೆ. ಒಂದು ಕೇಸಿಗೆ ವಕೀಲರ 100 ಗಂಟೆ ಬೇಕು ಎನ್ನೋಣ. ಮೊದಲು 17,000 ಡಾಲರ್ ಆಗುತ್ತಿತ್ತು. ಹೊಸ ದರದಲ್ಲಿ 22,000. ಜಾಸ್ತಿ ಬಂದ ಆ 5,000ಕ್ಕೆ ಆಗಿನ 783 ಡಾಲರ್ ಫೀಸಿನಲ್ಲಿ (790 ಇದ್ದದ್ದು ಅಷ್ಟರಲ್ಲಿ ತುಸು ಇಳಿದಿತ್ತು) ಆರಕ್ಕೂ ಹೆಚ್ಚು ಡಾಕ್ಟರುಗಳ ರಿನ್ಯೂವಲ್ ಬೇಕು. ಒಂದು ಕೇಸಿನ ಏರಿಕೆಗೆ ಮಾತ್ರ. ತಪ್ಪಿತಸ್ಥನಿಂದ ವಸೂಲಿ ಮಾಡುವ ಹಾಗಿಲ್ಲ, ನೆನಪಿದೆಯಲ್ಲ, ಅದನ್ನು 2005ರಲ್ಲೇ ಬಿಟ್ಟುಕೊಟ್ಟಾಗಿದೆ.

ಇದಲ್ಲದೆ ಕಂಪ್ಯೂಟರ್ ಖರ್ಚು. 'ಬ್ರೀಝ್' ಎಂಬ ಹೆಸರಿನ ಆನ್‌ಲೈನ್ ವ್ಯವಸ್ಥೆಯನ್ನು ಇಲಾಖೆ ತನ್ನ ಎಲ್ಲ ಮಂಡಳಿಗಳಿಗೂ ಸೇರಿಸಿ ಮಾಡಲು ಹೊರಟಿತು. 2013ರ ಅಕ್ಟೋಬರ್‌ನಲ್ಲಿ ಮೆಡಿಕಲ್ ಬೋರ್ಡ್ ಮೊದಲ ಕಂತಿನಲ್ಲೇ ಅದಕ್ಕೆ ಸೇರಿತು. 2015ರ ಆಡಿಟ್ ವರದಿಯ ಹೊತ್ತಿಗೆ ಅಂದಾಜು 2 ಕೋಟಿ 80 ಲಕ್ಷ ಡಾಲರಿನಿಂದ 9 ಕೋಟಿ 60 ಲಕ್ಷಕ್ಕೆ ಏರಿತ್ತು. ಅದೂ ಅರ್ಧದಷ್ಟು ಮಂಡಳಿಗಳಿಗೆ ಮಾತ್ರ. ಹೆಸರಿಗೆ ತಂಗಾಳಿ, ಬೀಸಿದ್ದು ಜೇಬಿಗೆ. ಆ ಖರ್ಚನ್ನೂ ಮಂಡಳಿಗಳ ನಿಧಿಗಳೇ ಹಂಚಿಕೊಂಡವು.

ಆದಾಯದ ಕಡೆ ನೋಡಿ. ಒಂದೂವರೆ ಲಕ್ಷ ಡಾಕ್ಟರು, ಎರಡು ವರ್ಷಕ್ಕೊಮ್ಮೆ ರಿನ್ಯೂವಲ್. ವರ್ಷಕ್ಕೆ 75,000 ಎಂದು ಇಟ್ಟುಕೊಳ್ಳೋಣ. ತಲಾ 783ರಂತೆ ಸುಮಾರು 5 ಕೋಟಿ 87 ಲಕ್ಷ ಡಾಲರ್. ರಿಟೈರ್ ಆದವರಂಥ ವಿನಾಯಿತಿಯವರನ್ನು ಕಳೆದರೆ ಇನ್ನೂ ಕಡಿಮೆ. 2006ರಿಂದ ಈ ಫೀಸು ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು. ಹದಿನೈದು ವರ್ಷದಲ್ಲಿ ರಾಜಧಾನಿ ಸ್ಯಾಕ್ರಮೆಂಟೊದ ಬಾಡಿಗೆ, ನೌಕರರ ಸಂಬಳ, ಪಿಂಚಣಿ ಎಲ್ಲ ಏರಿದವು.

ಮಂಡಳಿ 2021ರಲ್ಲಿ ಶಾಸನಸಭೆಗೆ ಹೋಗಿ 1150 ಡಾಲರ್ ಮಾಡಿಕೊಡಿ ಎಂದು ಕೇಳಿತು. ಕ್ಯಾಲಿಫೋರ್ನಿಯಾ ಮೆಡಿಕಲ್ ಅಸೋಸಿಯೇಷನ್, ಅಂದರೆ ಡಾಕ್ಟರುಗಳ ಸಂಘ, ಅಷ್ಟು ಏರಿಕೆಗೆ ಒಪ್ಪಲಿಲ್ಲ. ಸ್ಯಾಕ್ರಮೆಂಟೊದಲ್ಲಿ ಆ ಸಂಘದ ಮಾತಿಗೆ ತೂಕ ಜಾಸ್ತಿ. ಕೊನೆಗೆ ಸಿಕ್ಕಿದ್ದು 863. ಕೇಳಿದ್ದು 367ರ ಏರಿಕೆ, ಕೊಟ್ಟದ್ದು 80. ಮೇಲಿನ 75,000ಕ್ಕೆ ಗುಣಿಸಿದರೆ ವರ್ಷಕ್ಕೆ 2 ಕೋಟಿ 75 ಲಕ್ಷ ಬೇಕಾಗಿದ್ದ ಕಡೆ 60 ಲಕ್ಷ ಬಂತು. ತೂತು ಮುಚ್ಚಲಿಲ್ಲ. ಒಂದು ಒಳ್ಳೇದಾಯಿತು. ತಪ್ಪಿತಸ್ಥ ಡಾಕ್ಟರಿಂದ ಖರ್ಚು ವಸೂಲಿ ಮಾಡುವ ಅಧಿಕಾರ 2022ರಿಂದ ವಾಪಸ್ ಬಂತು. ಆದರೆ ವಸೂಲಿ ಅನ್ನುವುದು ಆದೇಶವಾದ ದಿನವೇ ಕೈಗೆ ಬರುವ ದುಡ್ಡಲ್ಲ ಎಂದು ಸಾಲ ವಸೂಲಿ ಮಾಡಿದ ಯಾರನ್ನು ಬೇಕಾದರೂ ಕೇಳಿ.

ನಿಧಿ ಖಾಲಿಯಾಗುತ್ತಾ ಬಂತು. ಆಗ ಇಲಾಖೆಯವರು ತಮ್ಮದೇ ಸೂರಿನಡಿಯ ಇನ್ನೊಂದು ನಿಧಿಯ ಕಡೆ ನೋಡಿದರು. ವಾಹನ ತಪಾಸಣೆ ಮತ್ತು ರಿಪೇರಿ ನಿಧಿ. ಗ್ಯಾರೇಜುಗಳಿಗೆ ಲೈಸೆನ್ಸ್ ಕೊಡುವ ಬ್ಯೂರೋದ್ದು ಅದು. ಕ್ಯಾಲಿಫೋರ್ನಿಯಾದಲ್ಲಿ ಕಾರು ಹಳೆಯದಾದರೆ ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆ ಮಾಡಿಸಬೇಕು. ಪಾಸಾದರೆ ಕೊಡುವ ಪ್ರಮಾಣಪತ್ರಕ್ಕೆ 8 ಡಾಲರ್ 25 ಸೆಂಟ್. ನಮ್ಮ ಎಮಿಷನ್ ಟೆಸ್ಟಿನ ಚೀಟಿ ಇದ್ದ ಹಾಗೆ. ಕೋಟ್ಯಂತರ ಕಾರುಗಳ ರಾಜ್ಯ. ಆ ಚಿಲ್ಲರೆಯೇ ದೊಡ್ಡ ಗಂಟಾಗಿತ್ತು. ಅದರಿಂದ ಮೆಡಿಕಲ್ ಬೋರ್ಡಿಗೆ ಮಿಲಿಯನ್‌ಗಟ್ಟಲೆ ಡಾಲರ್ ಸಾಲ ಬರೆದರು. ಹಿಂದೊಮ್ಮೆ ರಾಜ್ಯ ಸರ್ಕಾರಕ್ಕೇ ಸಾಲ ಕೊಟ್ಟಿದ್ದ ಡಾಕ್ಟರ್ ಮಂಡಳಿ ಈಗ ಹೊಗೆ ತಪಾಸಣೆಯ ದುಡ್ಡಿನಲ್ಲಿ ಸಂಬಳ ಕೊಡಬೇಕಾಯಿತು.

ನಗು ಬಂದರೂ ಇದು ತಪ್ಪು ವ್ಯವಹಾರವಲ್ಲ. ಬಜೆಟ್‌ನಲ್ಲಿ ಬರೆದು, ಸಭೆಯಲ್ಲಿ ಓದಿ ಮಾಡಿದ್ದು. ನನ್ನ ತಕರಾರು ಬೇರೆ. ಈ ಸಾಲ ಬರುವುದಕ್ಕೆ ಮೊದಲು ಶಾಸನಸಭೆಯ ಮುಂದೆ ಎಲ್ಲ ಅಂಕಿಯೂ ಇತ್ತು. ಇಷ್ಟು ಸಾಲದು ಎಂದು ಗೊತ್ತಿದ್ದೇ 863 ಕೊಟ್ಟರು. ಕಡಿಮೆ ಫೀಸಿನ ಹೆಸರು ಶಾಸಕರಿಗೆ ಬಂತು, ಸಾಲಗಾರ ಅನ್ನುವ ಹೆಸರು ಮಂಡಳಿಗೆ ಬಂತು.

ಈ ಮಂಡಳಿಯನ್ನು ಸಂತನ ಹಾಗೆ ತೋರಿಸುವ ಆಸೆ ನನಗಿಲ್ಲ. ಮೂರು ತಿಂಗಳಿಗೊಮ್ಮೆ ನಡೆಯುವ ಸಭೆಗಳಲ್ಲಿ ಸಾರ್ವಜನಿಕರಿಗೆ ಮೈಕು ಕೊಡುತ್ತಾರೆ. ಮಗುವನ್ನೋ ತಾಯಿಯನ್ನೋ ಕಳೆದುಕೊಂಡವರು ಬರುತ್ತಾರೆ. ಪ್ರತಿಯೊಬ್ಬರಿಗೂ ಅಳತೆಯ ನಿಮಿಷ. ಸಮಯ ಮುಗಿಯಿತು ಎಂದ ಮೇಲೂ ಒಂದು ವಾಕ್ಯ ಹೇಳಲು ಹೆಣಗುತ್ತಾರೆ. ದೂರು ಕೊಟ್ಟು ವರ್ಷಗಟ್ಟಲೆ ಕಾದೆವು, ಒಬ್ಬ ಅಧಿಕಾರಿಯೂ ನಮ್ಮನ್ನು ಕರೆದು ಕೇಳಲಿಲ್ಲ ಎಂಬುದು ಅವರ ಮುಖ್ಯ ನೋವು. 2021ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ತನಿಖಾ ವರದಿಗಳನ್ನು ಬರೆದು, ಗಂಭೀರ ತಪ್ಪು ಮಾಡಿದ ಡಾಕ್ಟರುಗಳ ಬಗ್ಗೆ ಮಂಡಳಿ ಮೆತ್ತಗಿದೆ ಎಂದು ತೋರಿಸಿತು. ದುಡ್ಡಿಲ್ಲ, ಜನ ಇಲ್ಲ ಎಂಬ ಕಾರಣ ಎಲ್ಲದಕ್ಕೂ ಉತ್ತರವಾಗುವುದಿಲ್ಲ. 15 ಜನರಲ್ಲಿ 8 ಜನ ಅದೇ ವೃತ್ತಿಯವರು ಎಂಬುದೂ ಲೆಕ್ಕಕ್ಕೆ ಬರಬೇಕು. ಆ ಪ್ರಶ್ನೆ ಕ್ಯಾಲಿಫೋರ್ನಿಯಾದ್ದು ಮಾತ್ರ ಅಲ್ಲ. ನಾರ್ತ್ ಕೆರೊಲಿನಾದ ದಂತವೈದ್ಯರ ಮಂಡಳಿ, ಹಲ್ಲು ಬಿಳಿ ಮಾಡುವ ಅಂಗಡಿಗಳನ್ನು ನೋಟಿಸ್ ಕೊಟ್ಟು ಮುಚ್ಚಿಸಲು ಹೋಗಿತ್ತು. ಆ ವೃತ್ತಿಯವರೇ ನಡೆಸುವ ಮಂಡಳಿಯ ಮೇಲೆ ಸರ್ಕಾರದ ನಿಜವಾದ ಉಸ್ತುವಾರಿ ಇಲ್ಲದಿದ್ದರೆ ಪೈಪೋಟಿ ಕಾನೂನಿನಿಂದ ರಕ್ಷಣೆ ಇಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 2015ರಲ್ಲಿ 6-3ರಿಂದ ತೀರ್ಪು ಕೊಟ್ಟಿತು.

2023ರಲ್ಲಿ ಮತ್ತೆ ಮಸೂದೆ ಬಂತು. ಸಾರ್ವಜನಿಕ ಸದಸ್ಯರ ಸಂಖ್ಯೆಯನ್ನು ಡಾಕ್ಟರುಗಳಿಗಿಂತ ಜಾಸ್ತಿ ಮಾಡುವ ಮಾತು ಮೊದಮೊದಲ ಒಂದು ಕರಡಿನಲ್ಲಿತ್ತು. ಮಂಡಳಿಯೇ ಅದಕ್ಕೆ ಒಪ್ಪಿತ್ತು. ಕೊನೆಯ ಕರಡು ಬರುವಷ್ಟರಲ್ಲಿ ಅದು ಉದುರಿಹೋಗಿತ್ತು. ಉಳಿದದ್ದು ದೂರು ಕೊಟ್ಟವರನ್ನು ಮಾತಾಡಿಸುವುದು, ಅವರ ಜೊತೆ ಸಂಪರ್ಕಕ್ಕೆ ಒಂದು ಪ್ರತ್ಯೇಕ ಘಟಕ, ಮತ್ತು ಫೀಸು. 2024ರ ಜನವರಿ 1ರಿಂದ 1151 ಡಾಲರ್. ಎರಡು ವರ್ಷ ಹಿಂದೆ ಕೇಳಿದ್ದಕ್ಕಿಂತ ಒಂದು ಡಾಲರ್ ಜಾಸ್ತಿ! ಸಾಲ ಮಾತ್ರ ಮಧ್ಯೆ ಸೇರಿಕೊಂಡಿತು.

ಇದನ್ನೆಲ್ಲ ಒಂದು ಭಾನುವಾರ ಅಣ್ಣನ ಮಗಳಿಗೆ ಫೋನಿನಲ್ಲಿ ಹೇಳಿದೆ. ಕ್ಯಾಲಿಫೋರ್ನಿಯಾಕ್ಕೆ ಹೋಗುವ ಮೊದಲು ಅವಳು ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆಗಿದ್ದವಳು. "ನಮ್ಮಲ್ಲಿ ಐದು ವರ್ಷಕ್ಕೊಂದ್ಸಲ ರಿನ್ಯೂವಲ್. ಆಗ ಈ ಪ್ರಶ್ನೆ ತಲೆಗೇ ಬಂದಿರ್ಲಿಲ್ಲ ಚಿಕ್ಕಪ್ಪ," ಅಂದಳು. ಹಾಗಾದರೆ ತಪ್ಪು ಯಾರದ್ದು ಎಂದು ಕೇಳಿದಳು. 2021ರಲ್ಲಿ ನಿಮ್ಮ ಡಾಕ್ಟರುಗಳ ಸಂಘ ಸುಮ್ಮನಿದ್ದಿದ್ದರೆ ಈ ಸಾಲ ಇಷ್ಟು ಬೆಳೆಯುತ್ತಿರಲಿಲ್ಲ ಎಂದೆ. ಅವಳು ಆ ಸಂಘಕ್ಕೂ ಚಂದಾ ಕಟ್ಟುತ್ತಾಳಂತೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮಾರನೆಯ ವಾರ ಇನ್ನೊಂದು ಫೋಟೋ ಬಂತು. ಬಿಸಿಲಿಗೆ ಸುಕ್ಕಾದ ಗ್ಯಾರೇಜಿನ ರಸೀತಿ. ಅವಳ ಹಳೇ ಹೋಂಡಾ ಹೊಗೆ ತಪಾಸಣೆಯಲ್ಲಿ ಪಾಸಾಗಿತ್ತು. ಕೆಳಗಿನ 8.25 ಡಾಲರಿನ ಸಾಲಿಗೆ ಪೆನ್ನಿನಲ್ಲಿ ಸುತ್ತು ಹಾಕಿದ್ದಳು. "ಚಿಕ್ಕಪ್ಪ, ನನಗೇ ನಾನು ಸಾಲ ಕೊಟ್ಕೊಂಡಿದೀನಿ ನೋಡಿ."